ಸಣ್ಣ ಬೆಂಕಿ ಆರಿಸಿದವರು ಯಾರು?

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಫೆಬ್ರವರಿ ಬಂತು ಅಂದ್ರೆ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಹೊಗೆ ವಿಡಿಯೋ ಬರೋಕೆ ಶುರು. ಕೆಳಗೆ ಕಾಮೆಂಟು ಗೊತ್ತಿರೋದೇ: "ಮೊದಲು ಕಾಡೊಳಗಿನ ಜನರನ್ನ ಹೊರಗೆ ಹಾಕಿ." 2019ರಲ್ಲಿ ಬಂಡೀಪುರದ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟು, ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿದಾಗಲೂ ಇದೇ ಮಾತು. ಹಚ್ಚಿದವರು ಯಾರು ಅಂತ ಎಲ್ಲರೂ ಕೇಳ್ತಾರೆ. ಆ ಬೆಂಕಿ ಅಷ್ಟು ದೊಡ್ಡದಾಗೋಕೆ ಕಾಡಿನಲ್ಲಿ ಏನು ತುಂಬಿತ್ತು ಅಂತ ಯಾರೂ ಕೇಳಲ್ಲ.

ತುಂಬಿರೋದು ಲಂಟಾನ. ಎರಡು ಶತಮಾನದ ಹಿಂದೆ ಬ್ರಿಟಿಷರು ಹೂವು ಚೆಂದ ಅಂತ ತೋಟಕ್ಕೆ ತಂದ ಅಮೆರಿಕದ ಗಿಡ. ಬಿಳಿಗಿರಿ ಕಾಡಿನಲ್ಲಿ ಸಂಶೋಧಕರು ಗುರುತು ಮಾಡಿ ನೋಡಿದ ಜಾಗಗಳಲ್ಲಿ 1997ರಲ್ಲಿ ನೂರಕ್ಕೆ ಸುಮಾರು 40ರಲ್ಲಿ ಲಂಟಾನ ಇತ್ತು. 2008ಕ್ಕೆ ಅದು 80ರ ಹತ್ತಿರ ಬಂತು. ಹನ್ನೊಂದೇ ವರ್ಷ!

ಸೋಲಿಗರನ್ನ ಕೇಳಿದ್ರೆ ಇದಕ್ಕೆ ಕಾರಣ ಹೇಳ್ತಾರೆ. ಚಳಿ ಮುಗಿಯೋ ಹೊತ್ತಿಗೆ, ಹುಲ್ಲು ಪೂರ್ತಿ ಒಣಗೋ ಮುಂಚೆ, ಅವರು ತರಗು ಬೆಂಕಿ ಹಾಕ್ತಿದ್ರು. ಉದುರಿದ ಎಲೆ ಸುಡೋದು, ಲಂಟಾನದ ಎಳೆಸಸಿ ಸಾಯೋದು, ಮಳೆ ಬಿದ್ದ ಮೇಲೆ ಹುಲ್ಲು ಚಿಗುರೋದು. ನೆಲ್ಲಿ ಮರದ ರಸ ಹೀರೋ ಬಂದಳಿಕೆಯೂ ಹತೋಟಿಯಲ್ಲಿ ಇರ್ತಿತ್ತು. ಪೋಡಿನ ಅಜ್ಜಿಯೊಬ್ಬರು ಹೇಳಿದ್ದು: "ನಾವು ಇಕ್ತಿದ್ದುದು ಸಣ್ ಬೆಂಕಿ ಕಣಪ್ಪ, ಮೊಣಕಾಲಿಗೂ ಬರ್ತಿರ್ನಿಲ್ಲ. ಈಗಿಂದು ಮರದ ತಲೆ ಹಿಡಿತದೆ."

1974ರಲ್ಲಿ ಬೆಟ್ಟ ಅಭಯಾರಣ್ಯ ಆಯ್ತು. ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಅಲ್ಲಿ ಬೆಂಕಿ ಹಾಕೋದು ಅಪರಾಧ. ತಲೆಮಾರುಗಳ ತಿಳಿವಳಿಕೆ ಒಂದೇ ಏಟಿಗೆ ಕೇಸಾಯ್ತು. ನಮ್ಮ ಕೇರಿಗೆ ಇದೇನು ಹೊಸದಲ್ಲ. ಚರ್ಮ ಹದ ಮಾಡೋ ವಿದ್ಯೆ ಗೊತ್ತಿದ್ದವರಿಗೆ ವಿದ್ಯಾವಂತ ಅಂದರಾ? ಮೈಲಿಗೆ ಅಂದ್ರು.

ಈಗ ಕಾಡಲ್ಲಿ ಆಗ್ತಿರೋದು ಕೇಳಿ. ತರಗು ವರ್ಷಗಟ್ಟಲೆ ಬೀಳುತ್ತೆ, ಅದರ ಮೇಲೆ ಆಳೆತ್ತರದ ಲಂಟಾನ. ಕಿಡಿ ಬಿದ್ರೆ ಏಣಿ ಹತ್ತಿದ ಹಾಗೆ ಕೊಂಬೆಗೆ ಹೋಗುತ್ತೆ. ಮತ್ತಿ ಮರದ ತೊಗಟೆ ದಪ್ಪ, ಮೊಸಳೆ ಚರ್ಮದ ಹಾಗಿರುತ್ತೆ, ದೊಡ್ಡ ಮರ ತಡೆದುಕೊಳ್ಳಬಹುದು. ಅದರ ಸಸಿ? ನೆಲ್ಲಿಯ ಸಸಿ? ಹೋದವು. ಲಂಟಾನ ಮಾತ್ರ ಮೊದಲ ಮಳೆಗೇ ಸುಟ್ಟ ಬುಡದಿಂದ ಚಿಗುರಿ, ಬೆಂಕಿ ತೆರೆದ ಬಿಸಿಲನ್ನೆಲ್ಲ ತಾನೇ ತಿನ್ನುತ್ತೆ. ಅದರ ನೆರಳಲ್ಲಿ ಹುಲ್ಲೂ ಏಳಲ್ಲ. ಮುಂದಿನ ಬೆಂಕಿಗೆ ಸೌದೆ ಅಲ್ಲೇ ರೆಡಿ. ಹುಡುಗರೆಲ್ಲ ಬೆಂಗಳೂರು ಸೇರಿ ಮುದುಕರಷ್ಟೇ ಉಳಿದ ಊರಿನ ಥರ, ದೊಡ್ಡ ಮರ ಇವೆ, ಮರಿ ಇಲ್ಲ.

ಇದರ ಮೇಲೆ ಬಿಸಿಲು. 2023ರ ಬರದಲ್ಲಿ ಸರ್ಕಾರವೇ 223 ತಾಲ್ಲೂಕು ಬರಪೀಡಿತ ಅಂದಿತು. ಇಂಥ ವರ್ಷ ಹೆಚ್ಚಾದಂತೆ ಎಲೆ ಬೇಗ ಒಣಗುತ್ತೆ, ಬೆಂಕಿ ಕಾಲ ಉದ್ದ ಆಗುತ್ತೆ. ಹವಾಮಾನ ಬದಲಾವಣೆ ನಿಜ, ಒಪ್ಪೋಣ. ಆದರೆ ಸಾಹೇಬರು "ಕ್ಲೈಮೇಟ್ ಚೇಂಜ್" ಅಂತ ಹೇಳಿ ಕೈ ತೊಳ್ಕೊಳ್ಳೋದನ್ನ ನಾನು ಒಪ್ಪಲ್ಲ. ಬಿಸಿಲು ಮೇಲಿಂದ ಬಂತು, ಸೌದೆ ಕಾನೂನೇ ಕೂಡಿಟ್ಟಿದ್ದು.

ಆರಿಸೋಕೆ ಹೋಗೋರು ಯಾರು? ಪೋಡಿನ ಹುಡುಗರು, ನಮ್ಮ ಕೇರಿ ಹುಡುಗರು. ದಿನಗೂಲಿ, ಕೈಯಲ್ಲಿ ಹಸಿ ಸೊಪ್ಪಿನ ಕೊಂಬೆ. 2017ರಲ್ಲಿ ಬಂಡೀಪುರದ ಬೆಂಕಿಯಲ್ಲಿ ಒಬ್ಬ ಅರಣ್ಯ ರಕ್ಷಕರೇ ಜೀವ ಕಳ್ಕೊಂಡ್ರು. ಇನ್ನು ಗುರುತಿನ ಚೀಟಿನೂ ಇಲ್ಲದ ಕೂಲಿಯವನ ಗತಿ?

ಹಾಗಂತ ನಾಳೆನೇ ತರಗು ಬೆಂಕಿ ಹಾಕಿ ಅಂತ ನಾನು ಹೇಳ್ತಿಲ್ಲ. ಈಗಿರೋ ಲಂಟಾನಕ್ಕೆ ಕಡ್ಡಿ ಗೀರಿದ್ರೆ ಬೆಟ್ಟನೇ ಹೋಗುತ್ತೆ. ಮೊದಲು ಬುಡ ಸಮೇತ ಕೀಳಬೇಕು, ಆಮೇಲೆ ಎಲ್ಲಿ, ಯಾವಾಗ ಸುಡಬೇಕು ಅನ್ನೋದನ್ನ ಸೋಲಿಗರೇ ಹೇಳಬೇಕು. ಬಿಸಿಲು ಬದಲಾಗಿರೋದ್ರಿಂದ ಅವರ ಹಳೆ ಲೆಕ್ಕನೂ ಬದಲಾಗಬಹುದು. ಆ ಲೆಕ್ಕವನ್ನೂ ಅವರೇ ಹಾಕಲಿ.

ಇದೇನು ಭಿಕ್ಷೆ ಅಲ್ಲ. ಅರಣ್ಯ ಹಕ್ಕು ಕಾಯ್ದೆಯಲ್ಲಿ 2011ರಲ್ಲೇ ಬಿಳಿಗಿರಿಯ ಸೋಲಿಗರಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿದೆ. ಕಾಡನ್ನ ಕಾಯೋದು, ನಿರ್ವಹಿಸೋದು ಅದೇ ಕಾಯ್ದೆ ಗ್ರಾಮಸಭೆಗೆ ಕೊಟ್ಟ ಹಕ್ಕು. ಹಾಗಾದ್ರೆ ಬೆಂಕಿ ರೇಖೆ ಎಲ್ಲಿ ಹೊಡೀಬೇಕು, ಲಂಟಾನ ಎಲ್ಲಿ ಕೀಳಬೇಕು ಅನ್ನೋ ಪ್ಲಾನು ಆಫೀಸಲ್ಲಿ ಯಾಕೆ ಆಗುತ್ತೆ? ಡಿಸೆಂಬರ್‌ನಲ್ಲೇ ಪೋಡುಗಳಲ್ಲಿ ಗ್ರಾಮಸಭೆ ಕೂರಲಿ, ನಡಾವಳಿ ಬರೆಯಲಿ, ಕಿತ್ತವರಿಗೆ ಸರಿಯಾದ ಕೂಲಿ, ವಿಮೆ ಸಿಗಲಿ. ಯಳಂದೂರು, ಚಾಮರಾಜನಗರ, ಕೊಳ್ಳೇಗಾಲ ಕಡೆಯ ಸಂಗಾತಿಗಳು ಆ ಸಭೆಗಳಿಗೆ ಹೋಗಿ ಕೂತ್ಕೊಳ್ಳಿ. ಉಳಿದವರು, ಮುಂದಿನ ಸಲ ಹೊಗೆ ವಿಡಿಯೋ ಕೆಳಗೆ "ಜನರನ್ನ ಹೊರಗೆ ಹಾಕಿ" ಅಂತ ಯಾರಾದ್ರೂ ಬರೆದ್ರೆ, ಈ ಪೋಸ್ಟನ್ನ ಅಲ್ಲೇ ಅಂಟಿಸಿ.