ನಿಯಮದ ನುಡಿ ಮತ್ತು ಆಟದ ನಡೆ

ಇಸ್ಪೀಟು ಎಂದೊಡನೆ ಜೂಜಿನ ನೆನಪಾಗಿ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಪಣವಿಟ್ಟು ಮನೆಮಾರು ಕಳೆದುಕೊಂಡವರ ಕಥೆ ಯಾವ ಊರಿಗೂ ಹೊಸದಲ್ಲ. ಆದರೆ ಪಣವಿಲ್ಲದೆ, ಸ್ಮರಣೆ ಮತ್ತು ತರ್ಕಗಳ ಬಲದಿಂದ ಆಡುವ ಬ್ರಿಜ್ ಪಂದ್ಯವು ಆ ಸಾಲಿಗೆ ಸೇರಿದುದಲ್ಲ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಈ ಆಟದ ಪುರುಷರ ಜೋಡಿ ವಿಭಾಗದ ಸ್ವರ್ಣಪದಕ ಭಾರತಕ್ಕೇ ದೊರೆಯಿತು. ಆಟಕ್ಕಿಂತಲೂ ಅದರ ನಿಯಮಸಂಹಿತೆಯೇ ವಿದ್ಯಾರ್ಥಿಗಳಿಗೆ ಹೆಚ್ಚು ಬೋಧಪ್ರದವಾದುದು. ಅಸ್ಪಷ್ಟವಾದ ಮಾತನ್ನು ಹೇಗೆ ಅರ್ಥೈಸಬೇಕೆಂಬ ಪ್ರಶ್ನೆಗೆ ಅದು ನೀಡಿರುವ ಉತ್ತರವು ಇಸ್ಪೀಟಿನ ಮೇಜಿಗಷ್ಟೇ ಸೀಮಿತವಾದುದಲ್ಲ.

ಭಾಷೆಯು ಮನುಷ್ಯನ ಕೈಯಲ್ಲಿ ಎಂದೂ ಪರಿಪೂರ್ಣವಾಗದು. ಆದುದರಿಂದ ಯಾವ ನಿಯಮವೂ ಸಂದೇಹಕ್ಕೆ ಅತೀತವಲ್ಲ. ಇದನ್ನರಿತೇ 2017ರ ಬ್ರಿಜ್ ಸಂಹಿತೆಯ ಕರ್ತೃಗಳು ಪೀಠಿಕೆಯಲ್ಲಿ ಕ್ರಿಯಾಪದಗಳ ತಾರತಮ್ಯವನ್ನು ನಿಗದಿಪಡಿಸಿದ್ದಾರೆ. ‘ಮಾಡಬಹುದು’ ಎಂದಲ್ಲಿ ಮಾಡದಿರುವುದು ತಪ್ಪಲ್ಲ. ‘ಮಾಡುವುದು ಉಚಿತ’ ಎಂಬ ಅರ್ಥದ ಪದವಿದ್ದಲ್ಲಿ ಮಾಡದವನು ತಪ್ಪಿತಸ್ಥನಾದರೂ ದಂಡನೆ ವಿರಳ. ‘ಮಾಡತಕ್ಕದ್ದು’ ಎಂದಲ್ಲಿ ಉಲ್ಲಂಘಿಸಿದವನಿಗೆ ಬಹುಪಾಲು ದಂಡ ತಪ್ಪದು. ‘ಮಾಡಲೇಬೇಕು’ ಎಂಬುದು ಎಲ್ಲಕ್ಕಿಂತ ಗಂಭೀರವಾದುದು. ಒಂದು ಪದಕ್ಕೆ ಎಷ್ಟು ತೂಕವೆಂಬುದು ಜಗಳ ಹುಟ್ಟುವ ಮೊದಲೇ ಗೊತ್ತಾಗಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಉಳಿದ ಅರ್ಧಕ್ಕೂ ಸಂಹಿತೆಯಲ್ಲಿ ಪರಿಹಾರವಿದೆ. ಬ್ರಿಜ್ಜಿನಲ್ಲಿ ಒಪ್ಪಂದ ಗೆದ್ದು ಆಟ ನಡೆಸುವವನ ಜೊತೆಗಾರನು ತನ್ನ ಎಲೆಗಳನ್ನು ಮೇಜಿನ ಮೇಲೆ ತೆರೆದಿಡುತ್ತಾನೆ; ಆಟ ನಡೆಸುವವನು ಬಾಯಿಮಾತಿನಲ್ಲಿ ಆ ಎಲೆಗಳನ್ನು ಕರೆಯುತ್ತಾನೆ. ತೆರೆದಿಟ್ಟ ಎಲೆಗಳಲ್ಲಿ ಆಟೀನಿನ ರಾಜ, ಏಳು, ಮೂರು ಇವೆ ಎಂದಿಟ್ಟುಕೊಳ್ಳೋಣ. ಅವನು ಬರಿದೆ ‘ಆಟೀನು’ ಎಂದರೆ ಯಾವುದನ್ನು ಆಡಬೇಕು? 46ನೆಯ ನಿಯಮದ ಪ್ರಕಾರ ಅತಿ ಚಿಕ್ಕದಾದ ಮೂರನ್ನು. ‘ಯಾವುದಾದರೂ ಆಡು’ ಎಂದು ಉಡಾಫೆಯಿಂದ ನುಡಿದರಂತೂ ಎಲೆಯನ್ನು ಆರಿಸುವ ಹಕ್ಕು ಎದುರಾಳಿಗಳಲ್ಲೊಬ್ಬನಿಗೆ ಹೋಗುತ್ತದೆ! ಅಸ್ಪಷ್ಟವಾಗಿ ನುಡಿದವನೇ ಅದರ ಭಾರವನ್ನು ಹೊರಬೇಕೆಂಬುದು ಇದರ ತಿರುಳು.

ಇದು ಅಕ್ಷರದ ದಾಸ್ಯವಲ್ಲವೇ, ಮನಸ್ಸಿನಲ್ಲಿದ್ದುದಕ್ಕೆ ಬೆಲೆಯಿಲ್ಲವೇ ಎಂಬ ಆಕ್ಷೇಪ ಬರಬಹುದು. ಅದಕ್ಕೂ ಅದೇ ನಿಯಮದಲ್ಲಿ ಎಡೆಯಿದೆ: ನುಡಿದವನ ಉದ್ದೇಶ ಬೇರೆಯಾಗಿತ್ತೆಂಬುದು ನಿರ್ವಿವಾದವಾಗಿದ್ದರೆ ಆ ಉದ್ದೇಶಕ್ಕೇ ಮನ್ನಣೆ. ಎಕ್ಕ, ರಾಜಗಳನ್ನು ಕ್ರಮವಾಗಿ ಆಡಿ ಮುಗಿಸಿ, ರಾಣಿ ಎದುರಿಗಿರುವಾಗ ಅದೇ ಬಣ್ಣದ ಹೆಸರನ್ನಷ್ಟೇ ಹೇಳಿದವನು ಎರಡನ್ನು ಬಯಸಿದನೆಂದು ಹಟ ಹಿಡಿಯುವುದು ನ್ಯಾಯವೆನಿಸದು. ಆದರೆ ಸುತ್ತು ಕೈತಪ್ಪಿದ ಮೇಲೆ ‘ನನ್ನ ಮನಸ್ಸಿನಲ್ಲಿ ರಾಜನಿದ್ದ’ ಎನ್ನುವವನ ಮಾತು ಸಾಲದು. ಅವನ ಮನಸ್ಸಿಗೆ ಆಟದ ಸನ್ನಿವೇಶವೇ ಸಾಕ್ಷಿ ನುಡಿಯಬೇಕು. ‘ಉಳಿದ ಸುತ್ತುಗಳೆಲ್ಲ ನನ್ನವು’ ಎಂದು ಹಕ್ಕು ಸಾಧಿಸುವವನ ವಿಷಯದಲ್ಲಿಯೂ ಸಂಶಯದ ಅಂಶವು ಅವನಿಗೆ ವಿರುದ್ಧವಾಗಿಯೇ ತೀರ್ಮಾನವಾಗುತ್ತದೆ.

ಈ ವ್ಯವಸ್ಥೆಯು ಹೊಸಬರಿಗೆ ಕಠಿಣವೆನಿಸುವುದುಂಟು. ಬಾಯ್ತಪ್ಪಿದ ಒಂದು ಮಾತಿಗೆ ಆಟವನ್ನೇ ಕಳೆದುಕೊಳ್ಳುವುದು ನೋವಿನ ಸಂಗತಿಯೇ ಸರಿ. ಆದರೂ ಇದಕ್ಕಿಂತ ಮೃದುವಾದ ಮಾರ್ಗವು ನ್ಯಾಯವಾದುದಾಗಲಾರದು. ಪರಿಣಾಮವನ್ನು ಕಂಡ ಅನಂತರ ಅರ್ಥವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ದೊರೆತರೆ ವಾಚಾಳಿಯೇ ಗೆಲ್ಲುತ್ತಾನೆ, ಸಂಕೋಚದ ಸ್ವಭಾವದವನು ಸೋಲುತ್ತಾನೆ. ಈ ಸಂಹಿತೆಯ ಮುಖ್ಯ ಉದ್ದೇಶ ತಪ್ಪಿದವನನ್ನು ಶಿಕ್ಷಿಸುವುದಲ್ಲ. ತಪ್ಪದವನಿಗೆ ಆಗಬಹುದಾದ ನಷ್ಟವನ್ನು ಸರಿಪಡಿಸುವುದು. ಆ ದೃಷ್ಟಿಯಿಂದ ನೋಡಿದಾಗ ಇಲ್ಲಿ ಕಾಠಿಣ್ಯಕ್ಕಿಂತ ಕರುಣೆಯೇ ಹೆಚ್ಚು. ಅದು ಮೌನವಾಗಿ ಕುಳಿತ ಎದುರಾಳಿಯ ಮೇಲಣ ಕರುಣೆ.

ಶಾಲೆಯ ಕಬಡ್ಡಿ ಅಂಕಣದಲ್ಲಿ, ಚರ್ಚಾಸ್ಪರ್ಧೆಯಲ್ಲಿ, ಪ್ರಸಾದನಿಲಯದ ದಿನಚರಿಯಲ್ಲಿ ‘ನಿಯಮ ಹಾಗೆಂದು ಹೇಳುವುದಿಲ್ಲ’ ಎಂಬ ವಾದ ನಿತ್ಯವೂ ಕೇಳಿಬರುತ್ತದೆ. ಅಲ್ಲಿ ಮೂರು ಮಾತುಗಳು ನೆನಪಿನಲ್ಲಿರಬೇಕು. ನಿಯಮ ಬರೆಯುವವನು ‘ಬಹುದು’, ‘ತಕ್ಕದ್ದು’ಗಳ ಅಂತರವನ್ನು ಮೊದಲೇ ತಿಳಿಸಬೇಕು. ಸಂದಿಗ್ಧ ಬಂದಾಗ ಅದರಿಂದ ಲಾಭ ಪಡೆಯುವವನೇ ನಿರ್ಣಾಯಕನಾಗಬಾರದು. ಇಂದು ತನ್ನ ಪರವಾಗಿ ಹೇಳಿದ ಅರ್ಥವನ್ನೇ ನಾಳೆ ತನಗೆ ವಿರುದ್ಧವಾಗಿಯೂ ಒಪ್ಪುವ ಸಿದ್ಧತೆ ವಾದಿಸುವವನಲ್ಲಿರಬೇಕು.

ಹನ್ನೆರಡನೆಯ ಶತಮಾನದ ಶರಣರು ನುಡಿ ಮತ್ತು ನಡೆ ಒಂದಾಗಿರಬೇಕೆಂದು ಬೋಧಿಸಿದರು. ಆ ಪರಂಪರೆಯ ನೆರಳಿನಲ್ಲಿ ಕಲಿಯುವ ಮಕ್ಕಳಿಗೆ ಇದಕ್ಕಿಂತ ಬೇರೆ ಕ್ರೀಡಾಧರ್ಮ ಬೇಕಿಲ್ಲ. ಸೋತರೂ ಚಿಂತೆಯಿಲ್ಲ, ಸೋಲನ್ನು ತಪ್ಪಿಸಿಕೊಳ್ಳಲು ಆಡಿದ ಮಾತಿನ ಅರ್ಥವನ್ನು ತಿರುಚುವ ಅಭ್ಯಾಸ ಮಾತ್ರ ಎಳೆಯ ಮನಸ್ಸಿಗೆ ಅಂಟದಿರಲಿ.