ಟಿ.ವಿ. ಕೊಳ್ಳುವ ಮುನ್ನ ಗೋಡೆ ಅಳೆಯಿರಿ

ಹಬ್ಬಗಳ ಸಾಲು ಬಂತೆಂದರೆ ಟಿ.ವಿ. ಜಾಹೀರಾತುಗಳ ಸುರಿಮಳೆ. ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರಿ, ಹಣವನ್ನು ಕಂತಿನಲ್ಲಿ ಕಟ್ಟಿರಿ ಎಂಬ ಆಹ್ವಾನ. ಮನೆಮಂದಿಯೆಲ್ಲ ಕೂಡಿ ಅಂಗಡಿಗೆ ಹೋಗುತ್ತೀರಿ. ಮಕ್ಕಳು ಇದ್ದುದರಲ್ಲೇ ದೊಡ್ಡ ಪರದೆಯ ಮುಂದೆ ನಿಂತುಬಿಡುತ್ತಾರೆ. ಒಬ್ಬರಿಗೆ ಬೆಲೆಯ ಚಿಂತೆ, ಇನ್ನೊಬ್ಬರಿಗೆ ಅದು ಶೋಕೇಸಿನಲ್ಲಿ ಹಿಡಿಸುತ್ತದೋ ಇಲ್ಲವೋ ಎಂಬ ಅನುಮಾನ. ಅರ್ಧ ಗಂಟೆಯಲ್ಲಿ ತೀರ್ಮಾನವಾಗಿಬಿಡುತ್ತದೆ. ಮನೆಯವರ ಕಣ್ಣು, ಕತ್ತು, ಕಿವಿ, ನಿದ್ದೆ ಇವೆಲ್ಲ ಮುಂದೆ ಹಲವು ವರ್ಷ ಆ ತೀರ್ಮಾನದೊಂದಿಗೆ ಬಾಳಬೇಕಾಗುತ್ತದೆ.

ಆರೋಗ್ಯದ ಅಂಕಣದಲ್ಲಿ ಟಿ.ವಿ. ಕೊಳ್ಳುವ ಮಾತೇಕೆ ಎಂದು ನೀವು ಕೇಳಬಹುದು. ನನಗೂ ಇದರ ನೆನಪಾದದ್ದು ಒಬ್ಬ ನಿವೃತ್ತ ಮೇಷ್ಟ್ರ ಕತ್ತುನೋವಿನಿಂದ. ಎರಡು ತಿಂಗಳಿಂದ ಸಂಜೆಯಾದರೆ ಕತ್ತಿನ ಹಿಂಭಾಗ ಹಿಡಿದುಕೊಳ್ಳುತ್ತಿತ್ತು, ಜೊತೆಗೆ ತಲೆನೋವು. ಮುಲಾಮು ತಿಕ್ಕಿಯಾಗಿತ್ತು, ದಿಂಬು ಬದಲಾಯಿಸಿಯಾಗಿತ್ತು. ಎಕ್ಸ್-ರೇಯಲ್ಲಿ ವಯಸ್ಸಿಗೆ ಸಹಜವಾದ ಸವೆತ ಬಿಟ್ಟರೆ ಬೇರೇನೂ ಇರಲಿಲ್ಲ.

"ಸಂಜೆ ಹೊತ್ತು ಏನು ಮಾಡ್ತೀರಿ ಮೇಷ್ಟ್ರೇ?" ಎಂದೆ.

"ಮಗ ಹೊಸ ಟಿ.ವಿ. ತಂದಿದ್ದಾನೆ ಡಾಕ್ಟ್ರೇ. ವಾರ್ತೆ ನೋಡ್ತೀನಿ, ಆಮೇಲೆ ಮನೆಯವರ ಜೊತೆ ಧಾರಾವಾಹಿ."

"ಎಲ್ಲಿ ಹಾಕಿದ್ದೀರಿ?"

"ಬಾಗಿಲ ಎತ್ತರಕ್ಕೆ. ಕೂರಿಸೋಕೆ ಬಂದ ಹುಡುಗ ಅಲ್ಲೇ ಚೆನ್ನಾಗಿ ಕಾಣುತ್ತೆ ಅಂದ."

ಹುಡುಗ ಹೇಳಿದ್ದು ಸುಳ್ಳಲ್ಲ. ಅವನು ನಿಂತು ನೋಡಿದ್ದ. ಮೇಷ್ಟ್ರು ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು.

ನಮ್ಮ ಮನೆಗಳಲ್ಲಿ ಟಿ.ವಿ.ಗೆ ಸಂಬಂಧಿಸಿದ ಅತಿ ದೊಡ್ಡ ತಪ್ಪು ಇದೇ ಎಂಬುದು ನನ್ನ ಅಭಿಪ್ರಾಯ. ದಪ್ಪ ಡಬ್ಬಿಯಂತಿದ್ದ ಹಳೆಯ ಟಿ.ವಿ. ತನ್ನ ಭಾರದಿಂದಲೇ ಮೇಜಿನ ಮೇಲೆ ಉಳಿಯಿತು. ಚಪ್ಪಟೆ ಟಿ.ವಿ. ಬಂದಮೇಲೆ ಅದನ್ನು ದೇವರ ಪಟ, ಹಿರಿಯರ ಭಾವಚಿತ್ರಗಳನ್ನು ತೂಗುಹಾಕುವ ಸಾಲಿಗೇ ಏರಿಸಿದೆವು. ಪಟವನ್ನು ದಿನಕ್ಕೊಮ್ಮೆ ತಲೆಯೆತ್ತಿ ನೋಡಿ ಕೈಮುಗಿಯುತ್ತೇವೆ. ಟಿ.ವಿ.ಯನ್ನು ಮೂರು ಗಂಟೆ ನೋಡುತ್ತೇವೆ. ಅಷ್ಟು ಹೊತ್ತು ತಲೆಯನ್ನು ಹಿಂದಕ್ಕೆ ಬಾಗಿಸಿ ಕುಳಿತರೆ ಕತ್ತಿನ ಸ್ನಾಯುಗಳು ಬಿಗಿಯುತ್ತವೆ, ಸವೆದ ಕೀಲುಗಳು ಒತ್ತಿಕೊಳ್ಳುತ್ತವೆ. ಕಣ್ಣಿಗೂ ಇದು ಹಿತವಲ್ಲ. ಮೇಲಕ್ಕೆ ನೋಡುವಾಗ ರೆಪ್ಪೆಗಳು ಹೆಚ್ಚು ತೆರೆದಿರುತ್ತವೆ. ಪರದೆಯಲ್ಲಿ ಮಗ್ನರಾದಾಗ ನಾವು ಕಣ್ಣು ಮಿಟುಕಿಸುವುದೂ ಕಡಿಮೆ. ಎರಡೂ ಸೇರಿ ಕಣ್ಣೀರಿನ ಪದರ ಬೇಗ ಆರಿ, ಕಣ್ಣು ಉರಿಯುತ್ತದೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರಂತೂ ಹೇಳುವುದೇ ಬೇಡ.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಒಂದು ಟೇಪು ಹಿಡಿದು ನಿಮ್ಮ ಹಾಲಿನಲ್ಲಿ ಕುಳಿತುಕೊಳ್ಳಿ. ನೀವು ಎಂದೂ ಕೂರುವ ಜಾಗದಲ್ಲಿ, ಎಂದೂ ಕೂರುವ ಹಾಗೆಯೇ ಕೂರಬೇಕು. ನೆಲದಿಂದ ಕಣ್ಣಿನವರೆಗಿನ ಎತ್ತರವನ್ನು ಮನೆಯವರೊಬ್ಬರು ಅಳೆಯಲಿ. ಸೋಫಾ ಅಥವಾ ಕುರ್ಚಿಯಲ್ಲಿ ಕೂರುವ ದೊಡ್ಡವರಿಗೆ ಅದು ಸುಮಾರು ಮೂರೂವರೆ ಅಡಿ ಬರುತ್ತದೆ. ಚಾಪೆ ಹಾಸಿ ಕೂರುವವರಿಗೆ ಎರಡೂವರೆ ಅಡಿ. ಪರದೆಯ ನಡುಭಾಗ ಹೆಚ್ಚುಕಡಿಮೆ ಆ ಎತ್ತರಕ್ಕೆ, ಇಲ್ಲವೇ ಸ್ವಲ್ಪ ಕೆಳಕ್ಕೆ ಬರಬೇಕು. 43 ಅಂಗುಲದ ಟಿ.ವಿ. ಎಂದರೆ ಮೂಲೆಯಿಂದ ಮೂಲೆಗೆ 109 ಸೆಂಟಿಮೀಟರ್, ಎತ್ತರ ಸುಮಾರು 54 ಸೆಂಟಿಮೀಟರ್. ಕುರ್ಚಿಯಲ್ಲಿ ಕೂರುವವರಿಗಾಗಿ ಅದನ್ನು ಗೋಡೆಗೆ ಹಾಕುವುದಾದರೆ ಅದರ ಕೆಳ ಅಂಚು ನೆಲದಿಂದ ಎರಡೂವರೆ ಅಡಿಯ ಆಸುಪಾಸಿನಲ್ಲಿರಬೇಕು. "ಇಷ್ಟು ಕೆಳಗಾ?" ಎಂದು ಕೂರಿಸಲು ಬಂದವರು ಆಶ್ಚರ್ಯಪಡುತ್ತಾರೆ. ಪಡಲಿ ಬಿಡಿ. ಮೊಳೆ ಹೊಡೆಯುವ ಮುನ್ನ ಒಂದು ಹಳೆಯ ಪಂಚೆಯನ್ನು ಆ ಅಳತೆಗೆ ಮಡಿಸಿ ಗೋಡೆಗೆ ಅಂಟಿಸಿ, ಹತ್ತು ನಿಮಿಷ ಎದುರಿಗೆ ಕುಳಿತು ನೋಡಿ.

ಇನ್ನು ಗಾತ್ರ. ದೊಡ್ಡ ಪರದೆಯಿಂದ ಕಣ್ಣು ಕೆಡುತ್ತದೆ ಎಂಬ ಭಯ ಅನೇಕರಲ್ಲಿದೆ. ಕೆಡುವುದಿಲ್ಲ. ಆದರೆ ಕೋಣೆಗೆ ಮೀರಿದ ಪರದೆ ಇದ್ದರೆ ಕಣ್ಣು, ತಲೆ ಎರಡೂ ಅತ್ತಿಂದಿತ್ತ ಓಡಾಡಿ ಆಯಾಸವಾಗುತ್ತದೆ. ಪರದೆಯ ಮೂಲೆಯಿಂದ ಮೂಲೆಗಿರುವ ಅಳತೆಯ ಒಂದೂವರೆಯಿಂದ ಎರಡೂವರೆ ಪಟ್ಟು ದೂರದಲ್ಲಿ ಕುಳಿತರೆ ಸಾಕು ಎಂಬುದು ಅನುಕೂಲವಾದ ಲೆಕ್ಕ. 43 ಅಂಗುಲಕ್ಕೆ ಐದೂವರೆಯಿಂದ ಒಂಬತ್ತು ಅಡಿ, 55 ಅಂಗುಲಕ್ಕೆ ಏಳರಿಂದ ಹನ್ನೊಂದು ಅಡಿ. ಹತ್ತಕ್ಕೆ ಹತ್ತಡಿಯ ಹಾಲಿನಲ್ಲಿ ಸೋಫಾ ಜಾಗ ಹಿಡಿದ ಮೇಲೆ ಉಳಿಯುವುದು ಏಳು ಅಡಿ. ಅಲ್ಲಿಗೆ 43 ಧಾರಾಳವಾಗಿ ಸಾಕು. 65ರ ಆಸೆಯನ್ನು ದೊಡ್ಡ ಮನೆ ಕಟ್ಟಿಸಿದ ಮೇಲೆ ನೋಡಿಕೊಳ್ಳಿ. ಫೋರ್-ಕೆ ಎಂದು ಹೆಚ್ಚು ಬೆಲೆ ಹೇಳಿದರೂ ಇದೇ ಅಳತೆ ನೆನಪಿರಲಿ. 43 ಅಂಗುಲದ ಪರದೆಯನ್ನು ಆರು ಅಡಿಗಿಂತ ದೂರದಿಂದ ನೋಡಿದರೆ, ಸರಿಯಾದ ದೃಷ್ಟಿಯುಳ್ಳವರಿಗೂ ಫುಲ್ ಎಚ್‌ಡಿಗೂ ಅದಕ್ಕೂ ಇರುವ ಚುಕ್ಕೆಗಳ ವ್ಯತ್ಯಾಸ ಕಾಣುವುದು ಕಷ್ಟ.

"ಟಿ.ವಿ. ಹತ್ತಿರ ಕೂರಬೇಡ, ಕಣ್ಣು ಹೋಗುತ್ತೆ" ಎಂದು ಗದರಿಸಿಕೊಳ್ಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಆ ಭಯಕ್ಕೆ ಒಂದು ಮೂಲವಿತ್ತು. 1967ರಲ್ಲಿ ಅಮೆರಿಕದಲ್ಲಿ ಕೆಲವು ಬಣ್ಣದ ಟಿ.ವಿ.ಗಳಿಂದ ಮಿತಿಮೀರಿ ಎಕ್ಸ್-ರೇ ಹೊರಬರುತ್ತಿದ್ದುದು ಪತ್ತೆಯಾಗಿ, ಮರುವರ್ಷವೇ ಅಲ್ಲಿ ಅದಕ್ಕಾಗಿ ಕಾನೂನು ಬಂತು. ಇಂದಿನ ಚಪ್ಪಟೆ ಟಿ.ವಿ.ಯಲ್ಲಿ ಆ ಬಗೆಯ ಕೊಳವೆಯೇ ಇಲ್ಲ, ಎಕ್ಸ್-ರೇ ಹೊರಬರುವ ಮಾತೂ ಇಲ್ಲ. ಹಾಗಿದ್ದೂ ನಿಮ್ಮ ಮಗು ಪದೇ ಪದೇ ಟಿ.ವಿ. ಬಳಿಗೇ ಸರಿಯುತ್ತಿದ್ದರೆ ಗದರಿಸಿ ಸುಮ್ಮನಾಗಬೇಡಿ. ಹತ್ತಿರ ಕೂತದ್ದರಿಂದ ಕಣ್ಣು ಕೆಟ್ಟಿರಲಾರದು. ದೂರದ್ದು ಕಾಣದ ಕಾರಣ ಅದು ಹತ್ತಿರ ಹೋಗುತ್ತಿರಬಹುದು. ಶಾಲೆಯ ಕಪ್ಪುಹಲಗೆಯೂ ಅದಕ್ಕೆ ಮಂಜಾಗಿಯೇ ಕಾಣುತ್ತಿದ್ದೀತು. ಕಣ್ಣಿನ ತಜ್ಞರಿಗೆ ತೋರಿಸಿ. ದಿನಕ್ಕೆ ಎರಡು ಗಂಟೆಯಾದರೂ ಬಯಲಿನಲ್ಲಿ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆ ಎಂಬುದು ಈಗ ಚೆನ್ನಾಗಿ ತಿಳಿದಿದೆ.

ಆದರೆ ಪರದೆಯಿಂದ ದೂರ ಕೂರಲೇಬೇಕಾದ ಕೆಲವರಿದ್ದಾರೆ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತು ಪ್ರಸಾರವಾದಾಗ, ಅದರಲ್ಲಿ ಕೆಂಪು ನೀಲಿ ಬೆಳಕು ಪಟಪಟನೆ ಮಿನುಗಿದ್ದರಿಂದ ಅಸ್ವಸ್ಥರಾಗಿ 600ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅವರಲ್ಲಿ ಬಹುಪಾಲು ಮಕ್ಕಳು. ಕೆಲವರಿಗೆ ಫಿಟ್ಸ್ ಬಂದಿತ್ತು. ಮಿನುಗುವ ಬೆಳಕಿಗೆ ಫಿಟ್ಸ್ ಬರುವ ಗುಣ ಕೆಲವರಲ್ಲಷ್ಟೇ ಇರುತ್ತದೆ. ಅಂಥವರಿಗೆ ಕಣ್ಣು ತುಂಬುವಷ್ಟು ದೊಡ್ಡ ಪರದೆ, ಹತ್ತಿರದ ಕುರ್ಚಿ, ಕತ್ತಲೆ ಕೋಣೆ ಮೂರೂ ಅಪಾಯವೇ. ಮನೆಯಲ್ಲಿ ಯಾರಿಗಾದರೂ ಮೂರ್ಛೆರೋಗವಿದ್ದರೆ ದೊಡ್ಡ ಪರದೆ ಕೊಳ್ಳುವ ಮುನ್ನ ಅವರ ವೈದ್ಯರನ್ನು ಒಂದು ಮಾತು ಕೇಳಿ.

ಅಂಗಡಿಯಲ್ಲಿ ಪರದೆ ಕಣ್ಣು ಕೋರೈಸುವಂತೆ ಇರುತ್ತದೆ. ಅಲ್ಲಿನ ದೀಪಗಳ ಮಧ್ಯೆ ಎದ್ದು ಕಾಣಲೆಂದೇ ಹೊಳಪನ್ನು ಏರಿಸಿಟ್ಟಿರುತ್ತಾರೆ. ಅದೇ ಹೊಳಪು ರಾತ್ರಿ ನಿಮ್ಮ ಹಾಲಿನಲ್ಲಿ ಕಣ್ಣಿಗೆ ಚುಚ್ಚುತ್ತದೆ. ಮನೆಗೆ ತಂದ ದಿನವೇ ಸಿನಿಮಾ ಎಂದೋ ಮೂವಿ ಎಂದೋ ಇರುವ ಆಯ್ಕೆಗೆ ಬದಲಾಯಿಸಿ, ಹೊಳಪು ತಗ್ಗಿಸಿ. ಕೋಣೆಯನ್ನು ಪೂರ್ತಿ ಕತ್ತಲೆ ಮಾಡಬೇಡಿ, ಟಿ.ವಿ. ಹಿಂದೆಯೋ ಪಕ್ಕದಲ್ಲೋ ಒಂದು ಸಣ್ಣ ದೀಪವಿರಲಿ. ಅಂಗಡಿಯಲ್ಲಿ ಇಲ್ಲದ, ಮನೆಯಲ್ಲಿ ಇರುವ ಇನ್ನೊಂದು ವಸ್ತು ಕಿಟಕಿ. ಕಿಟಕಿಯ ಎದುರಿನ ಗೋಡೆಗೆ ಟಿ.ವಿ. ಹಾಕಿದರೆ ಹಗಲೆಲ್ಲ ನಿಮ್ಮ ಕಿಟಕಿಯನ್ನೇ ಅದರಲ್ಲಿ ನೋಡಬೇಕಾಗುತ್ತದೆ. ಕಣ್ಣಿನ ರಕ್ಷಣೆ ಎಂಬ ಚೀಟಿ ಅಂಟಿಸಿ ಬೆಲೆ ಹೆಚ್ಚಿಸಿದ್ದಕ್ಕೆ ಹಣ ತೆರುವ ಅಗತ್ಯ ನನಗಂತೂ ಕಾಣುವುದಿಲ್ಲ. ಆ ಕೆಲಸವನ್ನು ಒಂದು ಪರದೆಬಟ್ಟೆ ಮಾಡುತ್ತದೆ.

ಯಾರೂ ಪರೀಕ್ಷಿಸದೆ ಕೊಳ್ಳುವುದು ಧ್ವನಿಯನ್ನು. ಚಪ್ಪಟೆಯಾದ ಪೆಟ್ಟಿಗೆಯಲ್ಲಿ ಸ್ಪೀಕರಿಗೆ ಜಾಗವೆಲ್ಲಿ? ಬಹಳಷ್ಟು ಟಿ.ವಿ.ಗಳಲ್ಲಿ ಅದು ಕೆಳಮುಖವಾಗಿ ಅಥವಾ ಹಿಂಬದಿಗೆ ಇರುತ್ತದೆ. ಸಂಗೀತ ಕೇಳುತ್ತದೆ, ಮಾತು ಸ್ಪಷ್ಟವಿರುವುದಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರಗಳನ್ನು. 'ಸ', 'ಶ', 'ಚ'ಗಳಂಥ ವ್ಯಂಜನಗಳು ಅಲ್ಲೇ ಇವೆ. ಹೀಗಾಗಿ ಅಜ್ಜಿಗೆ ಸದ್ದು ಕೇಳುತ್ತದೆ, ಮಾತು ಅರ್ಥವಾಗುವುದಿಲ್ಲ. ಅವರು ಸದ್ದು ಏರಿಸುತ್ತಾರೆ, ಪರೀಕ್ಷೆಗೆ ಓದುವ ಮೊಮ್ಮಗಳು ಇಳಿಸುತ್ತಾಳೆ, ಮನೆಯಲ್ಲಿ ಮುನಿಸು ಶುರು. ಅಂಗಡಿಗೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ವಾರ್ತೆ ಹಾಕಿಸಿ, ಕಣ್ಣು ಮುಚ್ಚಿ ಕೇಳಲು ಹೇಳಿ. ಅವರ ಕಿವಿಗಷ್ಟೇ ಕೇಳುವಂತೆ ಹೆಡ್‌ಫೋನ್ ಜೋಡಿಸಲು ಬರುತ್ತದೆಯೇ ವಿಚಾರಿಸಿ. ಉಳಿದವರಿಗೆಲ್ಲ ಸಾಕಾದ ಸದ್ದು ಅವರೊಬ್ಬರಿಗೆ ಸಾಲುತ್ತಿಲ್ಲವಾದರೆ ಕಿವಿ ಪರೀಕ್ಷೆ ಮಾಡಿಸಿ. ಟಿ.ವಿ.ಗೆ ಕೊಟ್ಟಷ್ಟು ಗಮನವನ್ನು ಅದಕ್ಕೂ ಕೊಡಬೇಕಲ್ಲವೇ?

ಈಗ ಹೇಳುವ ವಿಷಯವನ್ನು, ಮನೆಯಲ್ಲಿ ಪುಟ್ಟ ಮಕ್ಕಳಿರುವವರು ದಯವಿಟ್ಟು ಎರಡು ಸಲ ಓದಿ. ಚಪ್ಪಟೆ ಟಿ.ವಿ. ಹಗುರ. 43 ಅಂಗುಲದ್ದು ಹತ್ತು ಕಿಲೋ ಆಸುಪಾಸು. ಹಗುರವಾದ್ದರಿಂದ ಅಪಾಯವಿಲ್ಲ ಎಂದುಕೊಳ್ಳುತ್ತೇವೆ. ಆದರೆ ಅದು ನಿಂತಿರುವುದು ಎರಡು ಕಡ್ಡಿಯಂಥ ಕಾಲುಗಳ ಮೇಲೆ. ಒಂದೂವರೆ ಎರಡು ವರ್ಷದ ಮಗು ಮೇಜಿನ ಅಂಚು ಹಿಡಿದು ಎದ್ದು, ಪರದೆಯ ಮೇಲಿನ ಗೊಂಬೆಯನ್ನು ಮುಟ್ಟಲು ಹೋಗಿ ಅದನ್ನು ಎಳೆದರೆ ಇಡೀ ಟಿ.ವಿ. ಮಗುವಿನ ತಲೆಯ ಮೇಲೆಯೇ. ಪುಟ್ಟ ಮಕ್ಕಳ ತಲೆ ದೇಹಕ್ಕೆ ಹೋಲಿಸಿದರೆ ದೊಡ್ಡದು, ಬುರುಡೆ ತೆಳು. ಅಮೆರಿಕದಲ್ಲಿ ಇಂಥ ಸಾವುಗಳನ್ನು ಕಂಡೇ ಗ್ರಾಹಕ ಸುರಕ್ಷತೆಯ ಸರ್ಕಾರಿ ಆಯೋಗವು 2015ರಲ್ಲಿ, ಟಿ.ವಿ. ಮತ್ತು ಪೀಠೋಪಕರಣಗಳನ್ನು ಗೋಡೆಗೆ ಬಿಗಿಯಿರಿ ಎಂಬ ಪ್ರಚಾರವನ್ನೇ ಆರಂಭಿಸಿತು. ನಮ್ಮಲ್ಲಿ ಟಿ.ವಿ. ಮಾರುವವರು ಈ ಮಾತೆತ್ತಿದ್ದನ್ನು ನಾನು ಕೇಳಿಲ್ಲ.

ಬಿಗಿಯುವುದು ದೊಡ್ಡ ಕೆಲಸವಲ್ಲ. ಟಿ.ವಿ. ಬೆನ್ನಿನಲ್ಲಿ ಸ್ಕ್ರೂ ಹಾಕುವ ನಾಲ್ಕು ತೂತುಗಳಿರುತ್ತವೆ. ಗೋಡೆಗೆ ಹಾಕದೆ ಮೇಜಿನ ಮೇಲೆ ಇಡುವುದಾದರೂ ಅಲ್ಲಿಂದ ಒಂದು ಗಟ್ಟಿ ಪಟ್ಟಿಯನ್ನು ಗೋಡೆಗೆ ಬಿಗಿಸಿ. ಬಾಡಿಗೆ ಮನೆಯ ಮಾಲೀಕರು ಗೋಡೆ ಕೊರೆಯಲು ಬಿಡದಿದ್ದರೆ ಅಗಲವಾದ, ತಗ್ಗಾದ, ಭಾರದ ಮೇಜಿಗೆ ಕಟ್ಟಿ. ಖಾನೆಗಳಿರುವ ಎತ್ತರದ ಕಪಾಟಿನ ಮೇಲೆ ಮಾತ್ರ ಇಡಬೇಡಿ. ಮಗುವಿಗೆ ಖಾನೆ ಎಂದರೆ ಮೆಟ್ಟಿಲು. ಹಳೆಯ ಮಣ್ಣಿನ ಗೋಡೆ, ಟೊಳ್ಳು ಇಟ್ಟಿಗೆಯ ಗೋಡೆಗಳು ಭಾರ ಹೊರುತ್ತವೆಯೇ ಎಂದು ತಿಳಿದವರಿಂದ ಪರೀಕ್ಷಿಸಿಯೇ ಟಿ.ವಿ. ಹಾಕಿಸಿ. ರಿಮೋಟು, ಆಟಿಕೆ, ಬಿಸ್ಕತ್ತಿನ ಡಬ್ಬಿಗಳನ್ನು ಟಿ.ವಿ. ಪಕ್ಕದಲ್ಲಿ ಇಡುವ ಅಭ್ಯಾಸ ಬಿಡಿ. ಒಂದು ವೇಳೆ ಟಿ.ವಿ. ಮಗುವಿನ ತಲೆಗೆ ಬಿದ್ದರೆ, ಅತ್ತು ಸುಮ್ಮನಾಯಿತೆಂದು ಮಲಗಿಸಬೇಡಿ, ವೈದ್ಯರಿಗೆ ತೋರಿಸಿ. ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಕಂಡರೆ ಒಂದು ಕ್ಷಣವೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಹಳೆಯ ಟಿ.ವಿ.ಯನ್ನು ಏನು ಮಾಡುತ್ತೀರಿ? "ಮಲಗುವ ಕೋಣೆಗೆ ಹಾಕೋಣ" ಎಂಬ ಉತ್ತರ ನನಗೆ ಗೊತ್ತು. ಬೇಡ. ವಿನಿಮಯಕ್ಕೆ ಕೊಟ್ಟುಬಿಡಿ. ಹಾಸಿಗೆಯಲ್ಲಿ ಒರಗಿಕೊಂಡು ನೋಡುವಾಗ ಬೈಫೋಕಲ್ ಕನ್ನಡಕದವರ ನೋಟ ಓದುವ ಗಾಜಿನ ಮೂಲಕ ಹಾಯ್ದು ಚಿತ್ರ ಮಸುಕಾಗುತ್ತದೆ, ಅದಕ್ಕಾಗಿ ಕತ್ತು ಬಾಗಿಸುತ್ತಾರೆ. ಅದಕ್ಕಿಂತ ಮುಖ್ಯ, ನಿದ್ದೆ. ಹಾಲಿನಲ್ಲಿದ್ದರೆ ಯಾರಾದರೊಬ್ಬರು "ಸಾಕು, ಆರಿಸಿ" ಎನ್ನುತ್ತಾರೆ. ಮಕ್ಕಳ ಕೋಣೆಯಲ್ಲಿದ್ದರೆ ಅದನ್ನು ಹೇಳುವವರೇ ಇರುವುದಿಲ್ಲ. ಎರಡು ವರ್ಷ ತುಂಬುವವರೆಗೆ ಮಕ್ಕಳಿಗೆ ಪರದೆ ಬೇಡವೆಂದೂ, ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಟಿ.ವಿ. ತೋರಿಸದಿದ್ದರೆ ಮಗು ತುತ್ತೇ ನುಂಗುವುದಿಲ್ಲ ಎನ್ನುವ ತಾಯಂದಿರ ಕಷ್ಟ ನನಗೆ ತಿಳಿಯದ್ದಲ್ಲ. ಊಟದ ಜಾಗದಿಂದ ಟಿ.ವಿ. ಕಾಣದ ಗೋಡೆಯೊಂದು ನಿಮ್ಮ ಮನೆಯಲ್ಲಿದ್ದರೆ ಅದನ್ನೇ ಆರಿಸಿ, ಅರ್ಧ ಜಗಳ ತಪ್ಪುತ್ತದೆ.

ಮೇಷ್ಟ್ರು ಟಿ.ವಿ.ಯನ್ನು ಮೂರು ಅಡಿ ಕೆಳಗಿಳಿಸಿದರು. ಹೊಸದಾಗಿ ಬಣ್ಣ ಹೊಡೆಸಿದ್ದ ಗೋಡೆಯಲ್ಲಿ ತೂತು ಬಿತ್ತೆಂದು ಮಗನಿಗೆ ಒಂದು ವಾರ ಬೇಸರವಿತ್ತಂತೆ. ಕತ್ತಿನ ವ್ಯಾಯಾಮವನ್ನು ಬಿಡಬೇಡಿ ಎಂದು ಹೇಳಿದ್ದೇನೆ. ಮೇಲಿನ ತೂತುಗಳು ಕಾಣದಂತೆ ಅಲ್ಲೀಗ ಒಂದು ಕ್ಯಾಲೆಂಡರು ತೂಗುತ್ತಿದೆ.