‘ಕಾಪಿ’ ಅನ್ನುವ ಮೊದಲು ಓದಿ

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿದ ನನ್ನ ತಂಗಿ, ನಾದಿರಾ ಸಾಯದೆ ನಮ್ಮ ಮುಳ್ಳೇರಿಯಕ್ಕೆ ಬಂದು ಹೊಲಿಗೆ ಅಂಗಡಿ ಇಡುವ ಕಥೆ ಬರೆದಳು. ಮಾಮ ಎರಡು ಪುಟ ತಿರುವಿ ಅಂದದ್ದು ಒಂದೇ ಮಾತು: ‘ಕಾಪಿ.’

ಮಾಮ, ಬೇಜಾರು ಮಾಡಬೇಡಿ. ಮೋಯಿನ್‌ಕುಟ್ಟಿ ವೈದ್ಯರು 1872ರಲ್ಲಿ ಬದರುಲ್ ಮುನೀರ್, ಹುಸ್ನುಲ್ ಜಮಾಲರ ಪ್ರೇಮವನ್ನು ಹಾಡಾಗಿಸಿದ್ದು ಪರ್ಷಿಯನ್ ಕಥೆಯಿಂದ. ಕುಂಬಳೆಯ ಪಾರ್ತಿಸುಬ್ಬ ರಾಮಾಯಣವನ್ನೇ ಯಕ್ಷಗಾನಕ್ಕೆ ತಂದ. ಅವರನ್ನು ಯಾರೂ ಕಳ್ಳರೆನ್ನಲಿಲ್ಲ. ನಮ್ಮ ಹುಡುಗಿ ಬರೆದರೆ ಮಾತ್ರ ಕಾಪಿಯೇ? ಈಗಿನ ಮಕ್ಕಳು ಇದನ್ನು ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಮೂಲ ಯಾರದೆಂದು ಹೇಳಿಯೇ ಬರೆಯುವುದು ಅದರ ಮರ್ಯಾದೆ. ತಂಗಿ ಸಾರಾ ಅವರ ಹೆಸರನ್ನು ಮೊದಲ ಸಾಲಿನಲ್ಲೇ ಬರೆದಿದ್ದಳು.

ಕಥೆ ಹೊರಗೆ ಹೋಗುವ ಮುಂಚೆ ಓದಿ, ಎಲ್ಲಿ ಎಡವಿದೆಯೆಂದು ತೋರಿಸುವವರನ್ನು ಆ ಮಕ್ಕಳು ಬೀಟಾ ರೀಡರ್ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಅವರೇ ಇಲ್ಲ. ಒಬ್ಬರು ‘ಮಾಶಾ ಅಲ್ಲಾಹ್’ ಎಂದು ವಾಟ್ಸಾಪಿನಲ್ಲಿ ಮುಂದೆ ಕಳಿಸುತ್ತಾರೆ, ಇನ್ನೊಬ್ಬರು ‘ಕಾಪಿ’ ಎಂದು ಮುಗಿಸುತ್ತಾರೆ. ಓದಿದವರು ಇಬ್ಬರಲ್ಲಿ ಯಾರೂ ಅಲ್ಲ.

ಕೊನೆಗೆ ಉಮ್ಮ ಕಥೆಯನ್ನು ಪೂರ್ತಿ ಓದಿಸಿ ಕೇಳಿದರು. ‘ಹೊಲಿಗೆ ಮೆಷಿನಿಗೆ ಅವಳಿಗೆ ದುಡ್ಡು ಎಲ್ಲಿಂದ ಬಂತು?’ ಎಂದರು. ತಂಗಿ ಅದೇ ರಾತ್ರಿ ಕೂತು ಕಥೆ ತಿದ್ದಿದಳು.

ಮಾಮ, ನೀವೂ ಅಂಥದ್ದೊಂದು ಪ್ರಶ್ನೆ ಕೇಳಿ. ಅವಳು ಇನ್ನೂ ಬರೆಯುತ್ತಿದ್ದಾಳೆ.